ಷೇರು ಹುಚ್ಚಿನ ಕಾಲದ ಇಂಗ್ಲಿಷ್ ವ್ಯಂಗ್ಯಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಕ್ಟೋರಿಯಾ ರಾಣಿಯ ಕಾಲದ ವ್ಯಾಪಾರಿಗಳನ್ನೂ ಹೂಡಿಕೆದಾರರನ್ನೂ ಗೇಲಿ ಮಾಡಿದ ಚಿತ್ರಗಳು ಇಂದು ಸುಲಭವಾಗಿ ಸಿಗುತ್ತವೆ, ಆದರೆ ಸುಲಭವಾಗಿ ಅರ್ಥವಾಗುವುದಿಲ್ಲ. ಗೆರೆಗಳೇನೋ ಸ್ಪಷ್ಟವಾಗಿವೆ. ಆಗಿನ ಷೇರಿನ ಕರಾರು ಏನಿತ್ತು, ನಷ್ಟವಾದರೆ ಯಾರ ತಲೆಗೆ ಬರುತ್ತಿತ್ತು ಎಂಬುದು ತಿಳಿಯದಿದ್ದರೆ ನಗೆ ಎಲ್ಲಿದೆ ಎಂದೇ ಗೊತ್ತಾಗದು. ಈ ಪುಟದ ಉತ್ತರಗಳೆಲ್ಲ ಆ ಕರಾರಿನ ಸುತ್ತಲೇ ತಿರುಗುತ್ತವೆ.

ಇವು ಮುಖ್ಯವಾಗಿ ಯಾವ ಪತ್ರಿಕೆಗಳ ಚಿತ್ರಗಳು?

ಮೊದಲ ಹೆಸರು ‘ಪಂಚ್’. ಲಂಡನ್ನಿನಲ್ಲಿ 1841ರ ಜುಲೈ 17ರಂದು ಶುರುವಾದ ವಾರಪತ್ರಿಕೆ, ಬೆಲೆ ಮೂರು ಪೆನ್ಸ್. ಹೆನ್ರಿ ಮೇಹ್ಯೂ, ಮಾರ್ಕ್ ಲೆಮನ್ ಜೊತೆಗೆ ಅದನ್ನು ಹುಟ್ಟುಹಾಕಿದವರಲ್ಲಿ ಎಬೆನೀಜರ್ ಲ್ಯಾಂಡೆಲ್ಸ್ ಎಂಬ ಮರದಚ್ಚು ಕೆತ್ತುವವನೂ ಇದ್ದ. ಪಂಚ್ ಬಳಗದ ಜಾನ್ ಲೀಚ್, ರಿಚರ್ಡ್ ಡಾಯ್ಲ್, ಜಾನ್ ಟೆನಿಯೆಲ್, ಚಾರ್ಲ್ಸ್ ಕೀನ್, ಲಿನ್ಲಿ ಸ್ಯಾಂಬೋರ್ನ್ ಅವರ ಗೆರೆಯ ರೀತಿ ಗುರುತಾಗುವಷ್ಟು ನೋಡಿದರೆ ಅರ್ಧ ದಾರಿ ಸವೆದಂತೆ. ‘ಕಾರ್ಟೂನ್’ ಎಂಬ ಪದಕ್ಕೆ ಇಂದಿನ ಅರ್ಥ ಬಂದದ್ದೂ ಇಲ್ಲೇ. ಹೊಸ ಪಾರ್ಲಿಮೆಂಟ್ ಭವನದ ಭಿತ್ತಿಚಿತ್ರಗಳಿಗಾಗಿ ಬರೆದ ದೊಡ್ಡ ಕರಡು ಚಿತ್ರಗಳನ್ನು ಕಾರ್ಟೂನ್ ಎನ್ನುತ್ತಿದ್ದರು. 1843ರ ಜುಲೈಯಲ್ಲಿ ಆ ಪ್ರದರ್ಶನವನ್ನು ಅಣಕಿಸಿ ಲೀಚ್ ಬರೆದ ಚಿತ್ರಕ್ಕೆ ಪಂಚ್ ಅದೇ ಹೆಸರಿಟ್ಟಿತು.

ಪಂಚ್‌ನ ಹೊರಗೆ ಜಾರ್ಜ್ ಕ್ರೂಕ್‌ಶ್ಯಾಂಕ್‌ನ ತಾಮ್ರಫಲಕದ ಚಿತ್ರಗಳು, 1861ರಲ್ಲಿ ಬಂದ ‘ಫನ್’, 1867ರ ‘ಜೂಡಿ’, 1868ರ ‘ವ್ಯಾನಿಟಿ ಫೇರ್’ ಇವೆ. ಕೊನೆಯದರ ದಾರಿಯೇ ಬೇರೆ. ಅದರ ವಿಷಯ ಮುಂದೆ ಬರುತ್ತದೆ.

ಹಣದ ಚಿತ್ರಗಳಲ್ಲಿ 1845ನೇ ಇಸವಿಯೇ ಯಾಕೆ ಮತ್ತೆ ಮತ್ತೆ ಬರುತ್ತದೆ?

ಅದು ರೈಲ್ವೆ ಷೇರು ಹುಚ್ಚು ನೆತ್ತಿಗೇರಿದ ವರ್ಷ. ಸರ್ಕಾರದ ಸಾಲಪತ್ರಕ್ಕೆ ಸಿಗುತ್ತಿದ್ದ ಬಡ್ಡಿ ವರ್ಷಕ್ಕೆ ಶೇ 3ರ ಆಸುಪಾಸು. ಹಳೆಯ ರೈಲ್ವೆ ಕಂಪನಿಗಳು ಅದರ ಎರಡು ಮೂರು ಪಟ್ಟು ಲಾಭಾಂಶ ಕೊಡುತ್ತಿದ್ದವು. ಪೆನ್ಷನ್‌ದಾರ, ಪಾದ್ರಿ, ವಿಧವೆ, ಅಂಗಡಿಯವ, ಎಲ್ಲರ ಕಣ್ಣೂ ಅತ್ತ ತಿರುಗಿತು.

ಇಲ್ಲಿ ಕರಾರನ್ನು ಗಮನಿಸಬೇಕು. ಷೇರು ಕೊಳ್ಳಲು ಪೂರ್ತಿ ಹಣ ಬೇಕಿರಲಿಲ್ಲ. ಮುಖಬೆಲೆಯ ಹತ್ತನೇ ಒಂದು ಭಾಗದಷ್ಟು ಮುಂಗಡ ಕೊಟ್ಟರೆ ಹಂಚಿಕೆ ಪತ್ರ ಕೈಗೆ ಬರುತ್ತಿತ್ತು. ಉಳಿದದ್ದನ್ನು ಕಂಪನಿ ಹಳಿ ಹಾಕುತ್ತ ಹೋದಂತೆ ಕಂತುಕಂತಾಗಿ ಕೇಳುತ್ತಿತ್ತು. 20 ಪೌಂಡಿನ ಷೇರು 2 ಪೌಂಡಿಗೆ ಕೈಗೆ ಬಂದು, ಅದರ ಬೆಲೆ 2 ಪೌಂಡು ಏರಿದರೆ ಹಾಕಿದ ಹಣ ದುಪ್ಪಟ್ಟು. ಬೆಲೆ ಇಳಿದರೆ? ಷೇರನ್ನು ಕೊಳ್ಳುವವರಿಲ್ಲ, ಕಂತಿನ ಕರೆ ಮಾತ್ರ ಬಿಡುವುದಿಲ್ಲ. 200 ಪೌಂಡು ಇದ್ದವನು 2,000 ಪೌಂಡಿನ ಹೊಣೆ ಹೊತ್ತಿರುತ್ತಿದ್ದ.

1845ರ ಅಕ್ಟೋಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು ಶೇ 2.5ರಿಂದ 3ಕ್ಕೆ ಏರಿಸಿತು. ಬೆಲೆಗಳು ಆಗಲೇ ಬಾಗತೊಡಗಿದ್ದವು. ಆದರೂ ಪಾರ್ಲಿಮೆಂಟಿನ ಮುಂದಿನ ಅಧಿವೇಶನಕ್ಕೆ ಹೊಸ ರೈಲು ಮಾರ್ಗಗಳ ನಕ್ಷೆ ಸಲ್ಲಿಸುವ ಕೊನೆಯ ದಿನವಾದ ನವೆಂಬರ್ 30, ಭಾನುವಾರದಂದು ಲಂಡನ್ನಿನ ವ್ಯಾಪಾರ ಮಂಡಳಿಯ ಬಾಗಿಲಲ್ಲಿ ಮಧ್ಯರಾತ್ರಿಯವರೆಗೂ ನೂಕುನುಗ್ಗಲು. 1846ರಲ್ಲಿ ಪಾರ್ಲಿಮೆಂಟ್ 250ಕ್ಕೂ ಹೆಚ್ಚು ರೈಲ್ವೆ ಕಾಯ್ದೆಗಳನ್ನು ಪಾಸು ಮಾಡಿತು. ಕಂತುಗಳ ಕರೆ ಸಾಲುಗಟ್ಟಿದ್ದು ಅದರ ನಂತರ, 1846–47ರಲ್ಲಿ.

ಆದ್ದರಿಂದ ಚಿತ್ರದ ತಾರೀಖು ನೋಡಿ. 1845ರ ಬೇಸಿಗೆಯ ಚಿತ್ರ ಆಸೆಯನ್ನು ಗೇಲಿ ಮಾಡುತ್ತದೆ. ಅದೇ ವರ್ಷದ ಚಳಿಗಾಲದ್ದು ಓಡಿಹೋಗುವವರನ್ನು ಹಿಡಿಯುತ್ತದೆ. 1847ರದ್ದು ಕಂತು ಕಟ್ಟಲಾಗದವನ ಮನೆಯೊಳಗೆ ಇಣುಕುತ್ತದೆ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ‘ರೈಲ್ವೆ ಹುಚ್ಚಿನ ಚಿತ್ರಗಳು’ ಎಂದುಬಿಟ್ಟರೆ ಅವುಗಳ ಸೊಗಸೆಲ್ಲ ಕಳೆದುಹೋಗುತ್ತದೆ.

ಕೊಂಬಿನ ಜಿಂಕೆಗಳು ಕೋಟು ಟೋಪಿ ಹಾಕಿ ನಿಂತಿರುವುದು ಯಾಕೆ?

ಆಗಿನ ಷೇರುಪೇಟೆಯ ಆಡುಮಾತಿನಲ್ಲಿ ‘ಸ್ಟ್ಯಾಗ್’ ಅಂದರೆ ಗಂಡುಜಿಂಕೆ. ಹೊಸ ಕಂಪನಿಯ ಷೇರಿಗೆ ಅರ್ಜಿ ಹಾಕಿ, ಹಂಚಿಕೆ ಪತ್ರ ಬಂದ ಕೂಡಲೇ ಲಾಭಕ್ಕೆ ಮಾರಿ ಮಾಯವಾಗುವವನಿಗೆ ಆ ಹೆಸರು. ಇಂದು ಐಪಿಒಗೆ ಅರ್ಜಿ ಹಾಕಿ ಲಿಸ್ಟಿಂಗ್ ದಿನವೇ ಮಾರುವವರಿದ್ದಾರಲ್ಲ, ಅದೇ ಕಸುಬು. ವ್ಯತ್ಯಾಸ ಒಂದೇ: ಆಗ ಅರ್ಜಿಯ ಜೊತೆ ಹಣ ಕಟ್ಟಬೇಕಿರಲಿಲ್ಲ, ಹಂಚಿಕೆಯಾದ ಮೇಲೆ ಮುಂಗಡ ಕಟ್ಟಿದರೆ ಸಾಕಿತ್ತು. ಹೀಗಾಗಿ ಜೇಬಿನಲ್ಲಿ ಕಾಸಿಲ್ಲದವನೂ ಸುಳ್ಳು ವಿಳಾಸ ಕೊಟ್ಟು ನೂರು ಷೇರಿಗೆ ಬರೆಯುತ್ತಿದ್ದ. ಹರಕು ಬೂಟಿನವನು ಭಾರೀ ಬಂಗಲೆಯ ವಿಳಾಸ ಬರೆಯುವ ಚಿತ್ರಗಳ ಗುಟ್ಟು ಇದು.

ಉಳಿದ ಪ್ರಾಣಿಗಳಲ್ಲಿ ಬೆಲೆ ಏರುತ್ತದೆಂದು ಕೊಳ್ಳುವ ಗೂಳಿ, ಇಳಿಯುತ್ತದೆಂದು ಮಾರುವ ಕರಡಿ ಎಲ್ಲರಿಗೂ ಗೊತ್ತು. ಅವು 18ನೇ ಶತಮಾನದಿಂದಲೇ ಇವೆ. ‘ಕುಂಟ ಬಾತುಕೋಳಿ’ ಎಂದರೆ ಲೆಕ್ಕ ಚುಕ್ತಾ ಮಾಡಲಾಗದೆ ಪೇಟೆಯಿಂದ ಹೊರಬಿದ್ದವ. ಅವನು ಕುಂಟುತ್ತ ಹೊರಬರುವ ಓಣಿಯೇ ಕ್ಯಾಪೆಲ್ ಕೋರ್ಟ್, ಲಂಡನ್ ಷೇರುಪೇಟೆ ಇದ್ದ ಜಾಗ. ಚಿತ್ರದ ಮೂಲೆಯಲ್ಲಿ ಗೋಡೆಯ ಮೇಲೆ ಆ ಹೆಸರು ಕಂಡರೆ ಮುಂದೆ ಯೋಚಿಸಬೇಕಿಲ್ಲ. ‘ಗಿನಿಪಿಗ್’ ಎಂಬುದು 1870ರ ದಶಕದಿಂದ ಹೆಚ್ಚಾಗಿ ಕೇಳಿಬರುತ್ತದೆ: ಬಿರುದಿನ ಬಲದಿಂದ ನಿರ್ದೇಶಕ ಮಂಡಳಿಯಲ್ಲಿ ಕೂತು, ಸಭೆಗೊಂದು ಗಿನಿಯನ್ನೂ ಮಧ್ಯಾಹ್ನದ ಊಟವನ್ನೂ ಪಡೆದು ಹೋಗುವ ಶ್ರೀಮಂತ. ಗಿನಿ ಅಂದರೆ 21 ಶಿಲಿಂಗ್. ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ಪ್ರಾಣಿಯ ಹೆಸರೂ ನಾಣ್ಯದ ಹೆಸರೂ ಒಂದೇ ಆಗಿರುವುದು ಇಲ್ಲಿನ ಶ್ಲೇಷೆ.

ಸೋಪಿನ ಗುಳ್ಳೆ ಎಲ್ಲಿ ಕಂಡರೂ ಅದು 1720ರ ಸೌತ್ ಸೀ ಕಂಪನಿಯ ನೆನಪು. ಆ ಕಂಪನಿಯ ಷೇರು ಹಗರಣಕ್ಕೆ ‘ಬಬಲ್’, ಅಂದರೆ ಗುಳ್ಳೆ ಎಂದೇ ಹೆಸರು. ಅದನ್ನು ಹೊಗಾರ್ತ್ ಎಂಬ ಚಿತ್ರಕಾರ ಚಿತ್ರಿಸಿದ್ದ. ನೂರು ವರ್ಷ ಕಳೆದರೂ ಕಲಾವಿದರು ಆ ಬೊಕ್ಕಸದಿಂದಲೇ ಸಂಕೇತಗಳನ್ನು ತೆಗೆಯುತ್ತಿದ್ದರು.

ರೈಲ್ವೆ ಚಿತ್ರದಲ್ಲಿ ಪುರಿಯ ಜಗನ್ನಾಥನ ಹೆಸರು ಹೇಗೆ ಬಂತು?

1845ರ ಜುಲೈ ಕೊನೆಯಲ್ಲಿ ಪಂಚ್ ‘1845ರ ರೈಲ್ವೆ ಜಗ್ಗರ್ನಾಟ್’ ಎಂಬ ಚಿತ್ರ ಪ್ರಕಟಿಸಿತು. ರೈಲು ಎಂಜಿನ್ನೇ ರಥ, ಅದರ ಮುಂದೆ ಬೀಳುವ ಹೂಡಿಕೆದಾರರೇ ಭಕ್ತರು. ಪುರಿಯ ತೇರಿನ ಗಾಲಿಯಡಿ ಜನ ತಾವಾಗಿ ಬಿದ್ದು ಸಾಯುತ್ತಾರೆ ಎಂಬ ಕಥೆಯನ್ನು ಮಿಷನರಿಗಳು, ಪ್ರವಾಸಿಗಳು ಇಂಗ್ಲೆಂಡಿನಲ್ಲಿ ಬಹಳ ಉತ್ಪ್ರೇಕ್ಷಿಸಿ ಹಬ್ಬಿಸಿದ್ದರು. ಊರ ತೇರು ಎಳೆದು ಬೆಳೆದ ನಮಗೆ ಈ ಹೋಲಿಕೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಆದರೆ ಚಿತ್ರ ಬಾಣ ಬಿಟ್ಟಿರುವುದು ಲಂಡನ್ನಿನ ಓದುಗನ ಕಡೆಗೆ: ಯಾರನ್ನು ನೀನು ಮೂಢ ಎನ್ನುತ್ತೀಯೋ ಅವನಿಗಿಂತ ನೀನೇನು ಕಡಿಮೆ ಎಂದು ಅದು ಕೇಳುತ್ತದೆ. ಪೂರ್ವಗ್ರಹವನ್ನೂ ಆತ್ಮವಿಮರ್ಶೆಯನ್ನೂ ಒಂದೇ ಗೆರೆಯಲ್ಲಿ ಹೊತ್ತ ಚಿತ್ರ ಅದು. ಎರಡನ್ನೂ ಹೇಳದೆ ಅದನ್ನು ವಿವರಿಸಬಾರದು.

ಅದೇ ವರ್ಷ ಕ್ರೂಕ್‌ಶ್ಯಾಂಕ್ ‘ರೈಲ್ವೆ ಡ್ರ್ಯಾಗನ್’ ಬರೆದ. ಸಂಸಾರವೊಂದು ಊಟಕ್ಕೆ ಕೂತ ಕೋಣೆಗೆ ಎಂಜಿನ್ ರಾಕ್ಷಸ ನುಗ್ಗುತ್ತದೆ. ಷೇರಿನ ನಷ್ಟ ಪೇಟೆಯಲ್ಲೇ ನಿಲ್ಲುವುದಿಲ್ಲ, ಮನೆಯ ಅನ್ನಕ್ಕೆ ಬಾಯಿ ಹಾಕುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರ ಆ ಕಾಲದಲ್ಲಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಿರೀಟ ಹಾಕಿದ ದಪ್ಪನೆಯ ಮನುಷ್ಯ ಯಾರು?

ಬಹುಪಾಲು ಜಾರ್ಜ್ ಹಡ್ಸನ್ (1800–1871). ಯಾರ್ಕ್ ಪಟ್ಟಣದ ಬಟ್ಟೆ ವ್ಯಾಪಾರಿ. ಸಂಬಂಧದಲ್ಲಿ ಅಜ್ಜನಾಗಬೇಕಾದವನೊಬ್ಬನಿಂದ ಬಂದ ಆಸ್ತಿಯನ್ನು ರೈಲ್ವೆಗೆ ಹಾಕಿ ಮೇಲೇರಿದ. 1840ರ ದಶಕದ ನಡುವಿಗೆ 1,000 ಮೈಲಿಗೂ ಹೆಚ್ಚು ಹಳಿ ಅವನ ಹಿಡಿತದಲ್ಲಿತ್ತು. 1845ರಲ್ಲಿ ಸಂಡರ್‌ಲ್ಯಾಂಡ್‌ನಿಂದ ಪಾರ್ಲಿಮೆಂಟಿಗೆ ಗೆದ್ದ. ಜನ ‘ರೈಲ್ವೆ ರಾಜ’ ಎಂದರು. ಚಿತ್ರಕಾರರು ಆ ಮಾತನ್ನೇ ಹಿಡಿದು ಕಿರೀಟ ತೊಡಿಸಿದರು, ದರ್ಬಾರು ಮಾಡಿಸಿದರು.

1849ರಲ್ಲಿ ಷೇರುದಾರರ ತನಿಖೆಗಳು ಲೆಕ್ಕ ಬಿಚ್ಚಿಟ್ಟವು. ಅವನು ಲಾಭಾಂಶವನ್ನು ಬಂಡವಾಳದಿಂದಲೇ ಕೊಡಿಸಿದ್ದ. ಅಂದರೆ ಷೇರುದಾರರು ಕಟ್ಟಿದ ಕಂತಿನ ಹಣವನ್ನೇ ‘ಲಾಭ’ ಎಂದು ಅವರಿಗೆ ಎಣಿಸಿಕೊಟ್ಟಿದ್ದ. ಹೆಚ್ಚು ಲಾಭಾಂಶ ನೋಡಿ ಹೊಸಬರು ಬಂದು ಸೇರುತ್ತಿದ್ದರು, ಅವರ ಹಣ ಹಳಬರಿಗೆ ಹೋಗುತ್ತಿತ್ತು. ಈ ತಂತ್ರ ಇಂದು ಬೇರೆ ಹೆಸರುಗಳಲ್ಲಿ ಎಲ್ಲರಿಗೂ ಪರಿಚಿತ.

ಅವನ ಚಿತ್ರಗಳನ್ನು ಸಾಲಾಗಿ ಜೋಡಿಸಲು ಒಂದು ದಾರಿ ಹೇಳುತ್ತೇವೆ. 1845–46ರಲ್ಲಿ ಸಿಂಹಾಸನ, ಕಾಲಿಗೆ ಬೀಳುವ ಲಾರ್ಡ್‌ಗಳು. 1849ರಲ್ಲಿ ಹಳಿ ತಪ್ಪಿದ ಎಂಜಿನ್, ಉರುಳಿದ ಕಿರೀಟ. ಆಲ್‌ಫ್ರೆಡ್ ಕ್ರೋಕ್ವಿಲ್ ಆ ವರ್ಷ ಅವನ ಏಳುಬೀಳನ್ನೇ ಚಿತ್ರಕಥೆಯಾಗಿ ಹೊರತಂದ. ಆಮೇಲೆ ಹಡ್ಸನ್ ಹತ್ತು ವರ್ಷ ಜೈಲಿಗೆ ಹೋಗದೆ ಉಳಿದದ್ದು ಯಾಕೆಂದರೆ ಪಾರ್ಲಿಮೆಂಟಿನ ಸದಸ್ಯನನ್ನು ಸಾಲಕ್ಕಾಗಿ ಬಂಧಿಸುವಂತಿರಲಿಲ್ಲ. 1859ರಲ್ಲಿ ಸೀಟು ಹೋಯಿತು, ಅವನು ದೇಶ ಬಿಟ್ಟ. 1865ರಲ್ಲಿ ಮರಳಿ ಬಂದಾಗ ಯಾರ್ಕ್ ಕೋಟೆಯ ಸಾಲಗಾರರ ಜೈಲು ಕಾದಿತ್ತು. ಬಾಗಿದವರೂ ತುಳಿದವರೂ ಒಂದೇ ಜನ ಎಂಬುದು ಸಾಲಾಗಿ ನೋಡಿದಾಗಲೇ ಕಾಣುವುದು.

ರಾಣಿ ತನ್ನ ಗಂಡನನ್ನು ಷೇರಿನ ಬಗ್ಗೆ ಕೇಳುವ ಚಿತ್ರ ನಿಜವಾದದ್ದೇ?

ಹೌದು. 1845ರಲ್ಲಿ ಪಂಚ್‌ಗೆ ಲೀಚ್ ಬರೆದದ್ದು. ‘ಹೇಳಿ, ಪ್ರಿಯ ಆಲ್ಬರ್ಟ್, ನಿಮ್ಮ ಹತ್ತಿರ ರೈಲ್ವೆ ಷೇರು ಏನಾದರೂ ಇವೆಯೇ?’ ಎಂದು ವಿಕ್ಟೋರಿಯಾ ಆತಂಕದಿಂದ ಕೇಳುತ್ತಾಳೆ. ಅರಮನೆ ನಿಜಕ್ಕೂ ಷೇರು ಕೊಂಡಿತ್ತೆಂದು ಇದರಿಂದ ಹೇಳಲಾಗದು. ಆ ಶರತ್ಕಾಲದಲ್ಲಿ ಪ್ರತಿ ಮನೆಯ ಹೆಂಡತಿ ಕೇಳುತ್ತಿದ್ದ ಪ್ರಶ್ನೆಯನ್ನು ಲೀಚ್ ರಾಣಿಯ ಬಾಯಲ್ಲಿ ಇಟ್ಟ, ಅಷ್ಟೇ.

ಇಷ್ಟು ನಯವಾದ ಗೆರೆಗಳನ್ನು ವಾರವಾರ ಅಚ್ಚು ಹಾಕುತ್ತಿದ್ದದ್ದು ಹೇಗೆ?

ಮರದ ಅಚ್ಚಿನಿಂದ. ಆದರೆ ನಮ್ಮ ಬಟ್ಟೆ ಅಚ್ಚಿನ ಮರದಂತಲ್ಲ. ‘ಬಾಕ್ಸ್‌ವುಡ್’ ಎಂಬ ತುಂಬ ಗಟ್ಟಿ, ನಿಧಾನ ಬೆಳೆಯುವ ಮರವನ್ನು ಅಡ್ಡಕ್ಕೆ ಕೊಯ್ದು, ಉಂಗುರಗಳು ಕಾಣುವ ಆ ತುದಿಮುಖವನ್ನು ನುಣುಪು ಮಾಡುತ್ತಿದ್ದರು. ತುದಿಮುಖದಲ್ಲಿ ನಾರಿನ ಎಳೆ ಅಡ್ಡ ಬರುವುದಿಲ್ಲ, ಆದ್ದರಿಂದ ಯಾವ ದಿಕ್ಕಿಗೂ ಸಮನಾಗಿ ಕೆತ್ತಬಹುದು. ದಪ್ಪ ಸುಮಾರು 23.3 ಮಿಲಿಮೀಟರ್. ಅದು ಅಚ್ಚುಮೊಳೆಯ ಎತ್ತರ. ಹಾಗಿದ್ದರೆ ಮಾತ್ರ ಚಿತ್ರವನ್ನು ಅಕ್ಷರಗಳ ಪಕ್ಕದಲ್ಲೇ ಒಂದೇ ಚೌಕಟ್ಟಿನಲ್ಲಿ ಬಿಗಿದು ಒಂದೇ ಒತ್ತಿಗೆ ಮುದ್ರಿಸಲು ಸಾಧ್ಯ. ತಾಮ್ರಫಲಕಕ್ಕೆ ಬೇರೆ ಯಂತ್ರ, ಬೇರೆ ಒತ್ತು ಬೇಕು. ಅಗ್ಗದ ವಾರಪತ್ರಿಕೆ ಮರವನ್ನು ಹಿಡಿದದ್ದು ಇದೇ ಕಾರಣಕ್ಕೆ.

ಕೆಲಸದ ಕ್ರಮ ಹೀಗೆ. ಮರದ ಮುಖಕ್ಕೆ ತೆಳ್ಳಗೆ ಬಿಳಿ ಬಣ್ಣ ಬಳಿಯುವುದು. ಅದರ ಮೇಲೆ ಕಲಾವಿದ ಪೆನ್ಸಿಲಿನಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆಯುವುದು. ಕೆತ್ತುವವನು ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಅಚ್ಚನ್ನಿಟ್ಟು, ಉಳಿಯನ್ನು ಹೆಚ್ಚು ತಿರುಗಿಸದೆ ಮರವನ್ನೇ ತಿರುಗಿಸುತ್ತ ಗೆರೆಯ ಅಕ್ಕಪಕ್ಕದ ಬಿಳಿಯನ್ನೆಲ್ಲ ತೆಗೆಯುವುದು. ಉಳಿದ ಉಬ್ಬುಗೆರೆಗೆ ಮಸಿ ಹತ್ತುತ್ತದೆ. ರಾತ್ರಿ ಕೆಲಸಕ್ಕೆ ನೀರು ತುಂಬಿದ ಗಾಜಿನ ಗೋಳವನ್ನು ದೀಪದ ಮುಂದಿಟ್ಟು ಬೆಳಕನ್ನು ಒಂದೆಡೆ ಸೇರಿಸುತ್ತಿದ್ದರು.

ಆ ಮರದ ಕಾಂಡ ಸಣ್ಣದು. ಇಡೀ ಪುಟದ ಚಿತ್ರಕ್ಕೆ ಹಲವು ತುಂಡುಗಳನ್ನು ಹಿಂದಿನಿಂದ ಬೋಲ್ಟ್ ಹಾಕಿ ಜೋಡಿಸಬೇಕು. ತುರ್ತಿದ್ದರೆ ತುಂಡುಗಳನ್ನು ಬಿಚ್ಚಿ ಬೇರೆ ಬೇರೆ ಕೆಲಸಗಾರರಿಗೆ ಹಂಚುತ್ತಿದ್ದರು. ಹಂಚುವ ಮೊದಲು ಮೇಸ್ತ್ರಿ ಕೂಡುಗೆರೆಗಳ ಎರಡೂ ಬದಿಯ ಅಂಚನ್ನು ತಾನೇ ಕೆತ್ತುತ್ತಿದ್ದ. ಇಲ್ಲದಿದ್ದರೆ ಮತ್ತೆ ಜೋಡಿಸಿದಾಗ ಒಂದು ತುಂಡಿನ ತೋಳು ಇನ್ನೊಂದು ತುಂಡಿನ ಭುಜಕ್ಕೆ ಕೂಡದು. ಪಂಚ್‌ನ ಕೆತ್ತನೆ ವಿಭಾಗ ಹಲವು ದಶಕ ಜೋಸೆಫ್ ಸ್ವೇನ್‌ನ ಕೈಯಲ್ಲಿತ್ತು. ಟೆನಿಯೆಲ್‌ನ ಹೆಸರು ಎಲ್ಲರ ಬಾಯಲ್ಲಿದೆ. ಸ್ವೇನ್‌ನದೂ ಅದರ ಪಕ್ಕದಲ್ಲೇ ಇರಬೇಕು.

ಎಲ್ಲಿ ಕೆಡುತ್ತದೆ? ಉಳಿ ಜಾರಿದರೆ ಗೆರೆ ಹೋಯಿತು. ಆ ಜಾಗವನ್ನು ಕೊರೆದು ಅದೇ ಮರದ ಬೆಣೆ ಬಡಿದು ಮತ್ತೆ ಕೆತ್ತಬೇಕು. ಬೋಲ್ಟ್ ಸಡಿಲವಾದರೆ, ಹವೆ ಒಣಗಿದರೆ ತುಂಡುಗಳ ನಡುವೆ ಬಿರುಕು ಬಿಟ್ಟು ಮುದ್ರಣದಲ್ಲಿ ನೆಟ್ಟಗಿನ ಬಿಳಿ ಗೆರೆ ಕಾಣುತ್ತದೆ. ಹಳೆಯ ಹಾಳೆಗಳಲ್ಲಿ ಆಕಾಶವನ್ನೋ ಗೋಡೆಯನ್ನೋ ಸೀಳುವ ಅಂಥ ಗೆರೆ ಹುಡುಕಿ, ಸಿಗುತ್ತದೆ. ಮಸಿ ಹೆಚ್ಚಾದರೆ ಹತ್ತಿರದ ಗೆರೆಗಳು ಕೂಡಿಕೊಂಡು ನೆರಳೆಲ್ಲ ಕಪ್ಪು ಮುದ್ದೆ. ಕಲಾವಿದ ತಿರುಗಿಸಿ ಬರೆಯಲು ಮರೆತರೆ ಜನರೆಲ್ಲ ಎಡಗೈಯಲ್ಲಿ ಬರೆಯುತ್ತಾರೆ, ಕೋಟಿನ ಗುಂಡಿ ತಪ್ಪು ಬದಿಗೆ ಹೋಗುತ್ತದೆ.

ಲಕ್ಷಗಟ್ಟಲೆ ಒತ್ತಿಗೆ ಮರ ತಾಳದು. ಮೇಣದಲ್ಲಿ ಅಚ್ಚಿನ ಪಡಿಯಚ್ಚು ತೆಗೆದು, ಗ್ರ್ಯಾಫೈಟ್ ಸವರಿ, ವಿದ್ಯುತ್ತಿನಿಂದ ತಾಮ್ರದ ಪದರ ಕೂರಿಸಿ, ಹಿಂದೆ ಸೀಸ ತುಂಬಿದ ಪ್ರತಿಯಿಂದ ಮುದ್ರಿಸುವುದು ಮುಂದೆ ರೂಢಿಯಾಯಿತು. 1890ರ ದಶಕದಲ್ಲಿ ಫೋಟೋ ವಿಧಾನದ ಬ್ಲಾಕುಗಳು ಬಂದು ಕೆತ್ತುವವರ ಕಸುಬನ್ನು ಮುಗಿಸಿದವು.

ಕೆತ್ತಲು ಅಷ್ಟು ಸಮಯ ಬೇಕಿದ್ದರೆ, ಚಿತ್ರದಲ್ಲಿರುವುದು ಯಾವ ದಿನದ ಸುದ್ದಿ?

ಟೆನಿಯೆಲ್ ಕಾಲದ ಪದ್ಧತಿ: ಬುಧವಾರ ರಾತ್ರಿ ಸಂಪಾದಕ ಬಳಗದ ಊಟದ ಮೇಜಿನಲ್ಲಿ ದೊಡ್ಡ ಚಿತ್ರದ ವಿಷಯ ತೀರ್ಮಾನ. ಗುರುವಾರ ಕರಡು. ಶುಕ್ರವಾರ ಮರದ ಮೇಲೆ ಚಿತ್ರ, ಸಂಜೆ ಸ್ವೇನ್‌ನ ಹುಡುಗ ಬಂದು ಒಯ್ಯುತ್ತಿದ್ದ. ಶನಿವಾರದೊಳಗೆ ಕೆತ್ತನೆ ಪೂರೈಸಿ, ಮುಂದಿನ ಬುಧವಾರ ಪತ್ರಿಕೆ ಬೀದಿಗೆ. ಸಂಚಿಕೆಯ ಮೇಲಿನ ತಾರೀಖು ಮಾತ್ರ ಆಮೇಲಿನ ಶನಿವಾರದ್ದು. ಹಾಗಾಗಿ ಮುದ್ರಿತ ತಾರೀಖಿನಿಂದ ಸುಮಾರು ಹತ್ತು ದಿನ ಹಿಂದಕ್ಕೆ ಹೋಗಿ ಕಾರಣ ಹುಡುಕಬೇಕು.

ಇದನ್ನು ಮರೆತವರು ಎಡವುವ ಜಾಗ 1890. ‘ಅದೇ ಹಳೆಯ ಆಟ’ ಎಂಬ ಟೆನಿಯೆಲ್‌ನ ಚಿತ್ರದಲ್ಲಿ ಥ್ರೆಡ್‌ನೀಡಲ್ ಬೀದಿಯ ಮುದುಕಿ, ಅಂದರೆ ಬ್ಯಾಂಕ್ ಆಫ್ ಇಂಗ್ಲೆಂಡ್, ತುಂಟ ಹುಡುಗರನ್ನು ಗದರಿಸುವಂತೆ ಸಟ್ಟಾದವರನ್ನು ಗದರಿಸಿ, ಇದೊಂದು ಸಲ ಬಿಡಿಸುತ್ತೇನೆ ಎನ್ನುತ್ತಾಳೆ. ಬೇರಿಂಗ್ಸ್ ಬ್ಯಾಂಕನ್ನು ಉಳಿಸಿದ ಸುದ್ದಿಗೆ ಇದು ಪ್ರತಿಕ್ರಿಯೆ ಎಂದು ಬರೆಯುವವರಿದ್ದಾರೆ. ಸಂಚಿಕೆಯ ತಾರೀಖು ನವೆಂಬರ್ 8. ರಕ್ಷಣೆಯ ಸುದ್ದಿ ಹೊರಬಿದ್ದದ್ದು ನವೆಂಬರ್ 15. ಚಿತ್ರ ಮೊದಲು, ಸುದ್ದಿ ಆಮೇಲೆ. ಪೇಟೆಯ ಗಾಳಿಯಲ್ಲಿ ತೇಲುತ್ತಿದ್ದ ಭಯವನ್ನು ಅದು ಹಿಡಿದಿತ್ತು. ಮುದುಕಿಯನ್ನು ಮೊದಲು ಬರೆದವನು ಜೇಮ್ಸ್ ಗಿಲ್ರೇ, 1797ರಲ್ಲಿ.

ಚಿತ್ರದ ಮೂಲೆಯ ಗುರುತುಗಳನ್ನು ಓದುವುದು ಹೇಗೆ?

ಲೀಚ್ ಎಂದರೆ ಇಂಗ್ಲಿಷಿನಲ್ಲಿ ಜಿಗಣೆ. ಸೀಸೆಯೊಳಗೊಂದು ಜಿಗಣೆ ಕಂಡರೆ ಅದು ಅವನ ಸಹಿ. ಡಾಯ್ಲ್‌ನದು ಪುಟ್ಟ ಹಕ್ಕಿ. ಟೆನಿಯೆಲ್‌ನದು ಒಂದರೊಳಗೊಂದು ಹೆಣೆದ ಎರಡು ಅಕ್ಷರ. ‘ಸ್ವೇನ್’ ಹೆಸರಿನ ಮುಂದೆ ‘ಎಸ್‌ಸಿ’ ಇದ್ದರೆ ‘ಕೆತ್ತಿದವನು’ ಎಂದರ್ಥ. ಅದನ್ನು ಕಲಾವಿದನ ಸಹಿಯೆಂದು ಪಟ್ಟಿ ಮಾಡಿರುವ ಮಾರಾಟಗಾರರು ಬಹಳ. ವ್ಯಾನಿಟಿ ಫೇರ್‌ನಲ್ಲಿ ‘ಏಪ್’ ಎಂದರೆ ಕಾರ್ಲೊ ಪೆಲೆಗ್ರಿನಿ, ‘ಸ್ಪೈ’ ಎಂದರೆ ಲೆಸ್ಲಿ ವಾರ್ಡ್.

ಸಂಪುಟ ಸಂಖ್ಯೆ ಮಾತ್ರ ಗೊತ್ತು. ವರ್ಷ ಕಂಡುಹಿಡಿಯಬಹುದೇ?

ಪಂಚ್‌ಗೆ ವರ್ಷಕ್ಕೆ ಎರಡು ಸಂಪುಟ. ವರ್ಷದಿಂದ 1841 ಕಳೆದು ಎರಡರಿಂದ ಗುಣಿಸಿದರೆ ಜನವರಿ–ಜೂನ್ ಸಂಪುಟ. ಅದಕ್ಕೆ ಒಂದು ಕೂಡಿಸಿದರೆ ಜುಲೈ–ಡಿಸೆಂಬರ್ ಸಂಪುಟ. 1845ರ ದ್ವಿತೀಯಾರ್ಧ: 4 ಗುಣಿಸು 2, ಕೂಡಿಸು 1, ಸಂಪುಟ 9. 1890ರ ದ್ವಿತೀಯಾರ್ಧ 99. ಹಿಮ್ಮುಖವಾಗಿಯೂ ಇದೇ ಲೆಕ್ಕ ನಡೆಯುತ್ತದೆ: ಬೆಸ ಸಂಖ್ಯೆ ಯಾವಾಗಲೂ ವರ್ಷದ ಎರಡನೇ ಅರ್ಧ.

1855ರ ನಂತರದ ಚಿತ್ರಗಳ ಧಾಟಿ ಬದಲಾಗುವುದು ಯಾಕೆ?

ಕಾನೂನು ಬದಲಾಯಿತು. ಅದಕ್ಕೂ ಮುಂಚೆ ಪಾರ್ಲಿಮೆಂಟಿನ ಕಾಯ್ದೆಯಿಂದಲೋ ರಾಜಸನ್ನದಿನಿಂದಲೋ ಹುಟ್ಟದ ಕಂಪನಿಯ ಪಾಲುದಾರ ತನ್ನ ಮನೆಮಠದವರೆಗೂ ಹೊಣೆ. 1845–46ರ ‘ತಾತ್ಕಾಲಿಕ ಸಮಿತಿ ಸದಸ್ಯ’ನ ಚಿತ್ರಗಳನ್ನು ಇದರಿಂದ ಓದಬೇಕು: ಹೆಸರು ಮೆರೆಯಲೆಂದು ಹೊಸ ಕಂಪನಿಯ ಪ್ರಾಸ್ಪೆಕ್ಟಸ್‌ನಲ್ಲಿ ಹೆಸರು ಕೊಟ್ಟವನು, ಯೋಜನೆ ಬಿದ್ದಾಗ ಎಂಜಿನಿಯರ್, ವಕೀಲರ ಬಿಲ್ಲು ತನ್ನ ಬಾಗಿಲಿಗೇ ಬಂದಾಗ ಕಡಲು ದಾಟಿ ಫ್ರಾನ್ಸಿನ ಬುಲೋನ್‌ಗೆ ಓಡುತ್ತಾನೆ.

1855ರ ಸೀಮಿತ ಹೊಣೆಯ ಕಾಯ್ದೆ, 1856 ಮತ್ತು 1862ರ ಕಂಪನಿ ಕಾಯ್ದೆಗಳ ನಂತರ ಏಳು ಜನ ಸಹಿ ಹಾಕಿದರೆ ಕಂಪನಿ ಹುಟ್ಟಬಹುದಿತ್ತು, ಕಳೆದುಕೊಳ್ಳುವುದು ಷೇರಿನ ಮೊತ್ತವಷ್ಟೇ. ಓಡಿಹೋಗುವ ಸಮಿತಿ ಸದಸ್ಯ ಚಿತ್ರದಿಂದ ಮರೆಯಾದ. ಅವನ ಜಾಗಕ್ಕೆ ಬೆನ್ನು ಹಾಯಾಗಿ ಕುರ್ಚಿಗೊರಗಿಸಿದ ಪ್ರವರ್ತಕ (ಕಂಪನಿ ಹುಟ್ಟುಹಾಕಿ ಷೇರು ಮಾರುವವನು), ಗಿನಿಪಿಗ್ ನಿರ್ದೇಶಕ ಬಂದರು. 1866ರ ಮೇ 10ರಂದು ಓವರೆಂಡ್ ಗರ್ನಿ ಎಂಬ ಲಂಡನ್ನಿನ ಹಣಕಾಸು ಸಂಸ್ಥೆ ಬಾಗಿಲು ಹಾಕಿತು. ಸೀಮಿತ ಕಂಪನಿಯಾಗಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ.

ಹಳೆಯ ಹೊಣೆ ಪೂರ್ತಿ ಸತ್ತಿರಲಿಲ್ಲ. 1878ರ ಅಕ್ಟೋಬರಿನಲ್ಲಿ ಬಿದ್ದ ಸಿಟಿ ಆಫ್ ಗ್ಲಾಸ್ಗೊ ಬ್ಯಾಂಕಿನ ಹೊಣೆ ಸೀಮಿತವಾಗಿರಲಿಲ್ಲ. 100 ಪೌಂಡಿನ ಷೇರಿದ್ದವರು ಮೊದಲು 500, ಆಮೇಲೆ 2,250 ಪೌಂಡು ಕಟ್ಟಬೇಕಾಯಿತು. 1,819 ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು 254. ಆ ಕಾಲದ ಚಿತ್ರಗಳಲ್ಲಿ ಷೇರುಪತ್ರ ಹಿಡಿದ ಮುದುಕಿ ಯಾಕೆ ಅಷ್ಟು ಹೆದರಿದ್ದಾಳೆ ಎಂದು ಕೇಳುವವರು ಈ ಸಂಖ್ಯೆ ನೆನಪಿಟ್ಟರೆ ಸಾಕು.

ವ್ಯಾನಿಟಿ ಫೇರ್ ಚಿತ್ರಗಳಲ್ಲಿ ಗೇಲಿಯೇ ಕಾಣುವುದಿಲ್ಲವಲ್ಲ?

ಅವು ಬಣ್ಣದ ಲಿಥೋ (ಕಲ್ಲಚ್ಚು) ಭಾವಚಿತ್ರಗಳು, ಕುಟುಕು ಸಣ್ಣದು. ನಿಲುವು, ಹೊಟ್ಟೆ, ಬೂಟು ನೋಡಬೇಕು. 1874ರಲ್ಲಿ ಏಪ್ ಬರೆದ ಆಲ್ಬರ್ಟ್ ಗ್ರಾಂಟ್ ಒಳ್ಳೆಯ ಉದಾಹರಣೆ. ಅಮೆರಿಕದ ಯೂಟಾದ ಎಮ್ಮಾ ಬೆಳ್ಳಿ ಗಣಿಯ ಷೇರು ಮಾರಿದವನು, ಅದೇ ವರ್ಷ ಲಂಡನ್ನಿನ ಲೆಸ್ಟರ್ ಚೌಕವನ್ನು ಕೊಂಡು ತೋಟ ಮಾಡಿಸಿ ಊರಿಗೆ ದಾನ ಕೊಟ್ಟವನೂ ಅವನೇ. ಅಲ್ಲಿಯ ಷೇಕ್ಸ್‌ಪಿಯರ್ ಪ್ರತಿಮೆ ಇನ್ನೂ ಇದೆ. ಅವನ ಅರಮನೆಯಂಥ ಕೆನ್ಸಿಂಗ್ಟನ್ ಮನೆಯನ್ನು 1883ರಲ್ಲಿ ಕೆಡವಿದರು.

ಇಂಥ ಪ್ರವರ್ತಕನ ಕಥೆಯನ್ನು ಡಬ್ಲ್ಯೂ. ಪಿ. ಫ್ರಿತ್ ಎಂಬ ಇಂಗ್ಲಿಷ್ ಚಿತ್ರಕಾರ 1880ರಲ್ಲಿ ಐದು ತೈಲಚಿತ್ರಗಳಲ್ಲಿ ಹೇಳಿದ: ಜೇಡ ಮತ್ತು ನೊಣಗಳು, ಮನೆಯಲ್ಲಿ ಜೇಡ, ಬಲಿಯಾದವರು, ತೀರ್ಪು, ಶಿಕ್ಷೆ. ಮೊದಲ ಚಿತ್ರದಲ್ಲಿ ಗಣಿಯ ಅದಿರನ್ನು ನೋಡುತ್ತ ನಿಂತ ಪಾದ್ರಿಯನ್ನು ಗುರುತು ಹಿಡಿದು ನ್ಯಾಯಾಲಯದವರೆಗೂ ಹಿಂಬಾಲಿಸಿ. ‘ಸಿರಿಯ ಓಟ’ ಎಂಬ ಈ ಸರಣಿ ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ಅದು ವಡೋದರದ ಬರೋಡಾ ಮ್ಯೂಸಿಯಂ ಸಂಗ್ರಹದಲ್ಲಿದೆ.

ಈ ಚಿತ್ರಗಳಲ್ಲಿ ಯಹೂದಿಗಳನ್ನು ಹೀಗೆ ಬರೆದಿರುವುದನ್ನು ಹೇಗೆ ತೆಗೆದುಕೊಳ್ಳಬೇಕು?

ಅನ್ಯಾಯವೆಂದೇ. ಮೋಸದ ಹಣಕಾಸಿನವನನ್ನು ತೋರಿಸಲು ಕೊಕ್ಕೆಮೂಗು, ತೊದಲು ಇಂಗ್ಲಿಷ್ ಅಂಟಿಸುವುದು ಅಲ್ಲಿ ರೂಢಿಯಾಗಿತ್ತು. ಹಡ್ಸನ್ ಯಾರ್ಕ್‌ಷೈರಿನ ರೈತನ ಮಗ. ಗ್ಲಾಸ್ಗೊ ಬ್ಯಾಂಕಿನ ನಿರ್ದೇಶಕರು ಊರಿನ ಗಣ್ಯ ಚರ್ಚಿಗರು. ದೊಡ್ಡ ಮೋಸಗಳು ಯಾರಿಂದ ನಡೆದವು ಎಂಬುದಕ್ಕೂ ಚಿತ್ರಗಳು ಯಾರನ್ನು ತೋರಿಸಿದವು ಎಂಬುದಕ್ಕೂ ತಾಳೆಯಿಲ್ಲ. ಹೆಂಗಸರ ವಿಷಯದಲ್ಲೂ ಹಾಗೆಯೇ. ಚಿತ್ರದಲ್ಲಿ ಅವರು ಏನೂ ತಿಳಿಯದ ಬಲಿಪಶುಗಳು. ಪಾರ್ಲಿಮೆಂಟ್ 1846ರಲ್ಲಿ ಪ್ರಕಟಿಸಿದ ರೈಲ್ವೆ ಷೇರು ಚಂದಾದಾರರ ಪಟ್ಟಿ ತೆರೆದರೆ ಹೆಂಗಸರು ತಮ್ಮ ಹೆಸರಿನಲ್ಲೇ ಲೆಕ್ಕ ಹಾಕಿ ಹಣ ಹೂಡಿದ್ದು ಕಾಣುತ್ತದೆ. ಚಿತ್ರವನ್ನು ಸಾಕ್ಷಿಯಾಗಿ ಬಳಸುವಾಗ ಇಂಥ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು.

ನಮ್ಮ ಕಡೆಗೆ ಇದರ ನಂಟೇನಾದರೂ ಇದೆಯೇ?

ಹಣದ ನಂಟು ಗಟ್ಟಿಯಾಗಿದೆ. ಅಮೆರಿಕದ ಅಂತರ್ಯುದ್ಧದಿಂದ (1861–65) ಲ್ಯಾಂಕಷೈರಿಗೆ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಆ ಹಣದ ಹೊಳೆಯೇ ಮುಂಬಯಿಯ ಷೇರು ಹುಚ್ಚಿಗೆ ನೀರೆರೆಯಿತು: ಕಡಲು ತುಂಬಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದ ಹತ್ತಿರ ಹೋಗಿ, 1865ರಲ್ಲಿ ಯುದ್ಧ ನಿಂತಾಗ ನೆಲ ಕಚ್ಚಿತು. 1880ರ ಆಸುಪಾಸಿನಲ್ಲಿ ವಯನಾಡು ಮತ್ತು ಕೋಲಾರದ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ಕಂಪನಿಗಳು ಸಾಲುಸಾಲಾಗಿ ಹುಟ್ಟಿದವು. ವಯನಾಡಿನವು ಹೆಚ್ಚಾಗಿ ಮುಳುಗಿದವು. 1880ರ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ ಮುಚ್ಚುವ ಅಂಚಿಗೆ ಬಂದು, ಉಳಿದ ಹಣ ಹಾಕಿ ಆಳಕ್ಕೆ ಅಗೆದಾಗ ಚಾಂಪಿಯನ್ ರೀಫ್ ಸಿಕ್ಕಿ ಬದುಕಿತು. ಲಂಡನ್ನಿನ ಗಣಿ ಷೇರಿನ ಚಿತ್ರ ನೋಡುವಾಗ ಕೆಜಿಎಫ್‌ನ ಆಳದಲ್ಲಿ ದುಡಿದವರೂ ಆ ಕಾಗದದ ಇನ್ನೊಂದು ತುದಿಯಲ್ಲಿದ್ದರು ಎಂಬುದು ನಮಗೆ ಮರೆಯುವುದಿಲ್ಲ.

ಚಿತ್ರದ ನಂಟೂ ಇದೆ: ಮುಂಬಯಿಯ ಪಾರ್ಸಿ ಪಂಚ್ (1854), ಲಖನೌದ ಅವಧ್ ಪಂಚ್ (1877) ಹೆಸರನ್ನೇ ಅಲ್ಲಿಂದ ತಂದವು.

ಹಳೆಯ ಹಾಳೆ ಮಾರಾಟಕ್ಕಿದೆ. ಅಸಲಿಯೋ ಅಲ್ಲವೋ ಹೇಗೆ ನೋಡುವುದು?

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಮರದಚ್ಚಿನ ಗೆರೆ ಗಟ್ಟಿ ಕಪ್ಪು, ಅಂಚಿನಲ್ಲಿ ಮಸಿ ಒತ್ತಿ ಸರಿದ ದಟ್ಟ ಏಣು, ಹಿಂಬದಿಯಲ್ಲಿ ಬೆರಳಿಗೆ ತಾಗುವ ತುಸು ಉಬ್ಬು. ಸಾಲಾಗಿ ಜೋಡಿಸಿದ ಚುಕ್ಕಿಗಳು ಕಂಡರೆ ಅದು ಫೋಟೋ ಬ್ಲಾಕಿನ ಮರುಮುದ್ರಣ. ನೀಲಿ, ಕೆಂಪು, ಹಳದಿ ಚುಕ್ಕಿಗಳಿದ್ದರೆ ಇತ್ತೀಚಿನದು. ವ್ಯಾನಿಟಿ ಫೇರ್‌ನ ಲಿಥೋದಲ್ಲೂ ಚುಕ್ಕಿ ಇರುತ್ತವೆ, ಆದರೆ ಅವು ಮರಳು ಚೆಲ್ಲಿದಂತೆ ಅಡ್ಡಾದಿಡ್ಡಿ. ಪಂಚ್‌ನ ವಾರದ ಸಂಚಿಕೆಯ ಚಿತ್ರಕ್ಕೆ ಬಣ್ಣವಿದ್ದರೆ ಅದು ಆಮೇಲೆ ಯಾರೋ ಹಚ್ಚಿದ್ದು. ಅದಕ್ಕಾಗಿ ಹೆಚ್ಚು ಬೆಲೆ ಕೊಡಬೇಡಿ.

ತಂದ ಮೇಲೆ ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಹರಿದಿದ್ದರೆ ಗೋಧಿ ಪಿಷ್ಟದ ಗೋಂದು, ತೆಳು ಜಪಾನಿ ಕಾಗದ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಜಿಗೆ ಒತ್ತಿಟ್ಟ ಹಾಳೆಗೆ ಬೂಷ್ಟು ಖಂಡಿತ. ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲವಿಲ್ಲದ ರಟ್ಟಿನ ಚೌಕಟ್ಟು ಬೇಕು, ಹೊರಗೋಡೆಗೆ ತೂಗುಹಾಕಬಾರದು.

ಇವನ್ನು ನಮ್ಮ ಪುಸ್ತಕದಲ್ಲಿ, ತರಗತಿಯಲ್ಲಿ ಬಳಸಬಹುದೇ? ಎಲ್ಲಿ ಸಿಗುತ್ತವೆ?

ಬಳಸಬಹುದು. ಭಾರತದಲ್ಲಿ ಹಕ್ಕುಸ್ವಾಮ್ಯ ಕಲಾವಿದ ಸತ್ತು 60 ವರ್ಷದವರೆಗೆ. ಟೆನಿಯೆಲ್ ತೀರಿಕೊಂಡದ್ದು 1914ರಲ್ಲಿ, ಲೀಚ್ 1864ರಲ್ಲಿ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಪಂಚ್‌ನ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಮುಕ್ತವಾಗಿ ಇಟ್ಟಿದೆ. ಇಂಟರ್ನೆಟ್ ಆರ್ಕೈವ್‌ನಲ್ಲೂ ಹಲವು ಸಂಪುಟಗಳಿವೆ. ಚಿತ್ರವನ್ನು ಮಾತ್ರ ಕತ್ತರಿಸಿಕೊಳ್ಳದೆ ಇಡೀ ಪುಟವನ್ನೂ ಅದರ ಎದುರಿನ ಪುಟವನ್ನೂ ಇಳಿಸಿಕೊಳ್ಳಿ. ಚಿತ್ರಕ್ಕೆ ಬೇಕಾದ ಕಂಪನಿಯ ಹೆಸರು, ಕಂತಿನ ಮೊತ್ತ ಎಷ್ಟೋ ಸಲ ಆ ಎದುರು ಪುಟದ ಪದ್ಯದಲ್ಲಿ ಕೂತಿರುತ್ತದೆ.